ನೀರು ಹರಿಸುವ ಮುನ್ನ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದ ಹಿರಿಯರು ಗಣಕಯಂತ್ರವನ್ನು ಕಂಡವರಲ್ಲ. ಕಂಡಿದ್ದರೆ ಆ ಗಾದೆಗೆ ಮೂರನೆಯ ಮಾತೊಂದನ್ನು ಸೇರಿಸುತ್ತಿದ್ದರೋ ಏನೋ. ವಿದ್ಯುತ್ತು ಹರಿಯುವ ಕಡೆ ನೀರು ಸುಳಿಯಬಾರದೆಂಬುದು ಎಳೆಯ ಮಕ್ಕಳಿಗೂ ತಿಳಿದ ಪಾಠ. ಒದ್ದೆ ಕೈಯಿಂದ ಸ್ವಿಚ್ಚು ಮುಟ್ಟಬೇಡವೆಂದು ತಾಯಿ ಗದರಿಸದ ಮನೆಯಿಲ್ಲ. ಹೀಗಿರುವಾಗ, ಲಕ್ಷ ರೂಪಾಯಿಗೂ ಮೀರಿದ ಬೆಲೆಯ ಯಂತ್ರದೊಳಕ್ಕೆ ತಾನಾಗಿಯೇ ನೀರನ್ನು ಹರಿಸಲು ಹೊರಡುವವನನ್ನು ಏನೆನ್ನಬೇಕು? ಸಾಹಸಿಯೆನ್ನಬೇಕೆ, ಅವಿವೇಕಿಯೆನ್ನಬೇಕೆ? ಅವನು ಬರೆದಿಟ್ಟ ಲೆಕ್ಕದ ಪುಸ್ತಕವನ್ನು ನೋಡುವವರೆಗೆ ಎರಡರಲ್ಲಿ ಯಾವುದನ್ನೂ ಅನ್ನದಿರುವುದು ಮೇಲು.

ಬೆಂಗಳೂರಿನ ಹನುಮಂತನಗರದ ಎರಡು ಕೋಣೆಗಳ ಬಾಡಿಗೆ ಮನೆಯಲ್ಲಿ ಅಂಥ ತರುಣನೊಬ್ಬನಿದ್ದಾನೆ. ಇನ್ನೂ ಕಟ್ಟದ ಮನೆಗಳನ್ನು ಕಟ್ಟಿ ಮುಗಿಸಿದಂತೆ ಚಿತ್ರಿಸಿ ವಾಸ್ತುಶಿಲ್ಪಿಗಳಿಗೆ ಕೊಡುವುದು ಅವನ ಉದ್ಯೋಗ. ಹಗಲೆಲ್ಲ ಅವನು ಗೋಡೆ, ಕಿಟಕಿ, ಬಿಸಿಲು, ನೆರಳುಗಳನ್ನು ಅಣಿಗೊಳಿಸುತ್ತಾನೆ. ಇರುಳೆಲ್ಲ ಯಂತ್ರವು ಲೆಕ್ಕ ಹಾಕಿ ಚಿತ್ರಗಳನ್ನು ಒಂದೊಂದಾಗಿ ಮುಗಿಸುತ್ತದೆ. ಈ ದುಡಿಮೆಯ ಭಾರವೆಲ್ಲ ಬೀಳುವುದು 2020ರಲ್ಲಿ ಮಾರುಕಟ್ಟೆಗೆ ಬಂದ ಆರ್‌ಟಿಎಕ್ಸ್ 3090 ಎಂಬ ಗ್ರಾಫಿಕ್ಸ್ ಕಾರ್ಡಿನ ಮೇಲೆ. ಎಸ್.ಪಿ. ರಸ್ತೆಯ ಅಂಗಡಿಯೊಂದರಲ್ಲಿ ಸಾಲ ಮಾಡಿ ಕೊಂಡ ಸೆಕೆಂಡ್ ಹ್ಯಾಂಡ್ ಮಾಲು ಅದು. ಖಾತರಿಯ ಅವಧಿ ಮುಗಿದಿದೆ, ಕಂತು ಮುಗಿದಿಲ್ಲ.

ಪೂರ್ಣವಾಗಿ ದುಡಿಯುವಾಗ ಈ ಕಾರ್ಡು 350 ವಾಟ್ ವಿದ್ಯುತ್ತನ್ನು ಕುಡಿಯುತ್ತದೆ. ಕುಡಿದುದನ್ನೆಲ್ಲ ಶಾಖವಾಗಿ ಹೊರಕ್ಕೆ ಬಿಡುತ್ತದೆ. ಎಂಟು ಗಂಟೆಗಳ ಒಂದು ರಾತ್ರಿಗೆ ಹತ್ತಿರ ಹತ್ತಿರ ಮೂರು ಯೂನಿಟ್ಟು. ಆ ಶಾಖವನ್ನು ಹೊರದೂಡಲು ಕಾರ್ಡಿನ ಮೇಲಿನ ಪುಟ್ಟ ಫ್ಯಾನುಗಳು ತಿರುಗುವ ರಭಸಕ್ಕೆ ಏಳುವ ಸದ್ದು ಎಂಥದೆಂಬುದು ಹಿಟ್ಟಿನ ಗಿರಣಿಯ ಪಕ್ಕದಲ್ಲಿ ಮಲಗಿದವರಿಗೆ ಗೊತ್ತು.

ನಡುಗೋಡೆಯ ಆಚೆ ಮಲಗುವ ತಾಯಿ ಈ ಸದ್ದಿನ ವಿಷಯವಾಗಿ ಎಂದೂ ಮಾತೆತ್ತಿದವರಲ್ಲ. ಮಗನ ಅನ್ನದ ಸದ್ದು ಎಂದು ನೆರೆಯವರಿಗೆ ಸಮಾಧಾನ ಹೇಳಿದವರು ಅವರೇ. ಆದರೆ ಬೇಸಗೆಯ ಒಂದು ರಾತ್ರಿ ತಮ್ಮ ಹಾಸಿಗೆಯನ್ನು ಅಡಿಗೆಮನೆಗೆ ಸಾಗಿಸಿಕೊಂಡರು. “ಅಲ್ಲಿ ತಂಪಾಗಿರುತ್ತೆ ಕಣಪ್ಪ” ಎಂದರು. ಬೇಸಗೆಯಲ್ಲಿ ಅಡಿಗೆಮನೆ ತಂಪಾಗಿರುವುದೆಂದರೇನು! ಮರುದಿನವೇ ತರುಣನು ಇನ್ನೂರು ಪುಟದ ನೋಟುಪುಸ್ತಕವೊಂದನ್ನು ಕೊಂಡು ತಂದು, ಮೊದಲ ಪುಟದಲ್ಲಿ ‘ನೀರಿನ ಏರ್ಪಾಡು’ ಎಂದು ಬರೆದನು.

ಗಣಕವನ್ನು ನೀರಿನಿಂದ ತಣಿಸುವುದು ಹೊಸ ಹುಚ್ಚೇನೂ ಅಲ್ಲ. ಐಬಿಎಂ ಸಂಸ್ಥೆಯು 1980ರಲ್ಲಿ ಪ್ರಕಟಿಸಿದ 3081 ಎಂಬ ದೊಡ್ಡ ಗಣಕದಲ್ಲಿ ತಣ್ಣೀರು ಹರಿಯುತ್ತಿತ್ತು. 1985ರ ಕ್ರೇ-2 ಎಂಬ ಮಹಾಗಣಕವಂತೂ ವಿದ್ಯುತ್ತನ್ನು ಹರಿಯಗೊಡದ ದ್ರವವೊಂದರಲ್ಲಿ ಮುಳುಗಿಕೊಂಡೇ ಕೆಲಸ ಮಾಡುತ್ತಿತ್ತು. ಇದಕ್ಕೆ ಕಾರಣ ಸರಳವಾದುದು. ಒಂದು ಲೀಟರು ನೀರು ಒಂದು ಡಿಗ್ರಿ ಬಿಸಿಯಾಗುವಾಗ ಹೀರಿಕೊಳ್ಳುವ ಶಾಖವು ಅಷ್ಟೇ ಗಾತ್ರದ ಗಾಳಿ ಹೀರುವುದಕ್ಕಿಂತ ಮೂರು ಸಾವಿರ ಪಟ್ಟಿಗೂ ಹೆಚ್ಚು.

ಮನೆಯಲ್ಲಿ ಕಟ್ಟಿಕೊಳ್ಳುವ ಏರ್ಪಾಡಿನ ಅಂಗಗಳು ನಾಲ್ಕೇ. ಕಾರ್ಡಿನ ಬಿಸಿಯಾದ ಚಿಪ್ಪುಗಳ ಮೇಲೆ ಕೂರುವ ತಾಮ್ರದ ವಾಟರ್ ಬ್ಲಾಕು, ನೀರನ್ನು ತಳ್ಳುವ ಪಂಪು, ನೀರು ನಿಲ್ಲುವ ಪುಟ್ಟ ತೊಟ್ಟಿ, ಶಾಖವನ್ನು ಗಾಳಿಗೆ ಒಪ್ಪಿಸುವ ರೇಡಿಯೇಟರು. ಇವನ್ನು ಕೊಳವೆಗಳಿಂದ ಬಳಸಿ ತಂದರೆ ಒಂದು ಸುತ್ತು ಮುಗಿಯಿತು. ಹರಿಯುವ ನೀರು ಒಂದು ಲೀಟರಿಗೂ ಕಡಮೆ. ಹೇಳುವುದಕ್ಕೆ ಇಷ್ಟೇ, ಮಾಡುವುದಕ್ಕೆ ಹೊರಟಾಗ ಪುಸ್ತಕದ ಪುಟಗಳು ತುಂಬತೊಡಗಿದವು.

ನೀರು ಶಾಖವನ್ನು ನಾಶಮಾಡುತ್ತದೆಂಬುದು ಅನೇಕರ ಭ್ರಮೆ. ಅದು ಶಾಖವನ್ನು ಸಾಗಿಸುತ್ತದೆ, ಅಷ್ಟೆ. ಮಣ್ಣಿನ ಹೂಜಿಯು ಬೆವರುವುದರಿಂದ ಅದರೊಳಗಿನ ನೀರು ಕೋಣೆಗಿಂತಲೂ ತಂಪಾಗುವುದುಂಟು. ಆದರೆ ಈ ಮುಚ್ಚಿದ ಸುತ್ತಿನಲ್ಲಿ ಬೆವರಿಗೆ ಎಡೆಯಿಲ್ಲ. ಆದುದರಿಂದ ನೀರು ಕೋಣೆಯ ಗಾಳಿಗಿಂತ ತಣ್ಣಗಾಗಲಾರದು. 350 ವಾಟ್ ಶಾಖವೂ ಮೊದಲಿನಂತೆಯೇ ಕೋಣೆಯಲ್ಲಿ ಉಳಿಯುತ್ತದೆ. ಹಾಗಾದರೆ ಲಾಭವೇನು? ಅಂಗೈಯಗಲದ ಜಾಗದಿಂದ ಹೊರಡಬೇಕಾದ ಶಾಖವು ವಿಶಾಲವಾದ ರೇಡಿಯೇಟರಿನ ಮೇಲೆ ಹರಡಿಕೊಳ್ಳುತ್ತದೆ. ಅದನ್ನು ಬೀಸಿ ಕಳೆಯಲು ದೊಡ್ಡ ಫ್ಯಾನುಗಳು ನಿಧಾನವಾಗಿ ತಿರುಗಿದರೂ ಸಾಕು. ನಿಧಾನವಾಗಿ ತಿರುಗುವ ಫ್ಯಾನು ಕೂಗುವುದಿಲ್ಲ. ತರುಣನಿಗೆ ಬೇಕಾಗಿದ್ದುದು ತಂಪಿಗಿಂತ ಮಿಗಿಲಾಗಿ ಈ ಮೌನವೇ.

120 ಮಿಲಿಮೀಟರಿನ ಒಂದು ಫ್ಯಾನು ಕೂರುವಷ್ಟು ರೇಡಿಯೇಟರಿಗೆ 100 ವಾಟ್‌ನಿಂದ 150 ವಾಟ್‌ವರೆಗಿನ ಶಾಖವನ್ನು ಹೊರಿಸಬಹುದೆಂದು ಅನುಭವಿಗಳು ಹೇಳುತ್ತಾರೆ. ಮೌನ ಬೇಕೆನ್ನುವವನು ಕಡಮೆ ಹೊರಿಸಬೇಕು. ಆ ಪ್ರಕಾರ ಮೂರು ಫ್ಯಾನುಗಳ 360ರ ರೇಡಿಯೇಟರು ಅವನಿಗೆ ಅಗತ್ಯ. ಆದರೆ ಅದು ಪೆಟ್ಟಿಗೆಯಲ್ಲಿ ಹಿಡಿಸುವುದೆ? ರೇಡಿಯೇಟರಿನ ದಪ್ಪ 30 ಮಿಲಿಮೀಟರು, ಫ್ಯಾನಿನದು 25. ಎರಡೂ ಸೇರಿ 55. ತರುಣನು ಹಳೆಯ ರಟ್ಟನ್ನು ಅದೇ ಅಳತೆಗೆ ಕತ್ತರಿಸಿ, ಪೆಟ್ಟಿಗೆಯ ಮೇಲ್ಭಾಗದಲ್ಲಿ ತೂರಿಸಿ ನೋಡಿದನು. ಒಂದು ಬೆರಳಿನಷ್ಟು ಜಾಗ ಉಳಿಯಿತು. ಆ ಬೆರಳಿನಷ್ಟು ಜಾಗ ಕೊಟ್ಟ ಸಂತೋಷವನ್ನು ನಿವೇಶನ ಕೊಂಡವರೂ ಅನುಭವಿಸಿರಲಾರರು.

ನೀರು ಮೊದಲು ಎಲ್ಲಿಗೆ ಹೋಗಬೇಕು, ಆಮೇಲೆ ಎಲ್ಲಿಗೆ ಎಂಬ ಪ್ರಶ್ನೆ ಅವನನ್ನು ಎರಡು ದಿನ ಕಾಡಿತು. ಕೊನೆಗೆ ಲೆಕ್ಕವೇ ಉತ್ತರ ಹೇಳಿತು. ನಿಮಿಷಕ್ಕೆ ನಾಲ್ಕು ಲೀಟರಿನಂತೆ ನೀರು ಹರಿದರೆ, 350 ವಾಟ್ ಶಾಖವನ್ನು ಹೊತ್ತ ನೀರಿನ ಉಷ್ಣತೆ ಏರುವುದು ಸುಮಾರು ಒಂದೂಕಾಲು ಡಿಗ್ರಿ ಮಾತ್ರ. ಆದ್ದರಿಂದ ಹಿಂದುಮುಂದಿನ ಕ್ರಮದಿಂದ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ನಿಯಮವೊಂದೇ: ತೊಟ್ಟಿಯ ನೀರು ನೇರವಾಗಿ ಪಂಪಿಗೆ ಇಳಿಯಬೇಕು. ಪಂಪಿನ ಒಳಗಿನ ಬೇರಿಂಗಿಗೆ ನೀರೇ ಎಣ್ಣೆ. ಒಣಗಿ ತಿರುಗಿದರೆ ಅದು ಬಹುಕಾಲ ಬಾಳದು.

ಈ ಹಂತದಲ್ಲಿ ತಂದೆಯವರ ಪ್ರವೇಶವಾಯಿತು. ಬಸ್ಸುಗಳ ರಿಪೇರಿ ಕಾರ್ಯಾಗಾರದಲ್ಲಿ ಮೂವತ್ತೆರಡು ವರ್ಷ ದುಡಿದು ನಿವೃತ್ತರಾದವರು ಅವರು. ಗಣಕದ ವಿಷಯವೆಂದರೆ ದೂರದಿಂದಲೇ ಕೈಮುಗಿಯುವವರು. ಆದರೆ ನಕ್ಷೆಯ ಮೇಲೆ ರೇಡಿಯೇಟರಿನ ಚಿತ್ರ ಕಂಡೊಡನೆ ಕನ್ನಡಕ ಏರಿಸಿಕೊಂಡರು.

“ಏನೋ ಇದು? ಎಂಜಿನ್ನು ಎಲ್ಲಿ?”

“ಎಂಜಿನ್ನಿಲ್ಲಪ್ಪ. ಗ್ರಾಫಿಕ್ಸ್ ಕಾರ್ಡಿಗೆ ನೀರು ಬಿಡುವ ಏರ್ಪಾಡು.”

“ಬಿಡುವುದು ಸುಲಭ ಕಣೋ. ಬಿಟ್ಟ ನೀರನ್ನು ತೆಗೆಯುವುದು ಹೇಗೆ?”

ತರುಣನು ನಿರುತ್ತರನಾದನು. ಎರಡು ಸಲ ತಿದ್ದಿ ಬರೆದ ನಕ್ಷೆಯಲ್ಲಿ ನೀರನ್ನು ಹೊರಬಿಡುವ ಬಾಯಿಯೇ ಇರಲಿಲ್ಲ. ಅಂದಿನ ರಾತ್ರಿ ಸುತ್ತಿನ ಅತ್ಯಂತ ತಗ್ಗಾದ ಜಾಗದಲ್ಲಿ ಮೂರು ಬಾಯಿಯ ಜೋಡಣೆಯೊಂದು, ಅದರ ಕೊನೆಗೊಂದು ಪುಟ್ಟ ವಾಲ್ವು ನಕ್ಷೆಯಲ್ಲಿ ಮೂಡಿದವು.

ತಂದೆಯವರ ಎರಡನೆಯ ಪ್ರಶ್ನೆ ಲೋಹದ ಬಗೆಗಿತ್ತು. ತಾಮ್ರ ಮತ್ತು ಅಲ್ಯುಮಿನಿಯಂ ಒಂದೇ ನೀರಿನಲ್ಲಿ ಕೂಡಿದರೆ ಬ್ಯಾಟರಿಯೊಳಗೆ ನಡೆಯುವಂಥ ರಾಸಾಯನಿಕ ಕ್ರಿಯೆ ಮೊದಲಾಗಿ ಅಲ್ಯುಮಿನಿಯಂ ಕರಗುತ್ತ ಬರುತ್ತದೆ. ಅಗ್ಗವೆಂದು ತರುಣನು ಗುರುತುಹಾಕಿದ್ದ ರೇಡಿಯೇಟರು ಅಲ್ಯುಮಿನಿಯಂನದು, ಬ್ಲಾಕು ತಾಮ್ರದ್ದು. ರೇಡಿಯೇಟರಿನ ಹೆಸರಿನ ಮೇಲೆ ಗೆರೆ ಬಿತ್ತು. ತಾಮ್ರ, ಹಿತ್ತಾಳೆ, ನಿಕಲ್ ಲೇಪನ ಇವುಗಳಿಗಷ್ಟೇ ಪಟ್ಟಿಯಲ್ಲಿ ಪ್ರವೇಶವೆಂದು ನಿಶ್ಚಯವಾಯಿತು.

ನೀರಿನ ಮಾತು ಬಂದಾಗ ತಂದೆಯವರು ನಲ್ಲಿಯ ಕಡೆಗೆ ಕೈಮಾಡಿ, ತಲೆಯಾಡಿಸಿದರು. ಕೊಳವೆಬಾವಿಯ ಗಡಸು ನೀರು ಬಿಸಿನೀರಿನ ಹಂಡೆಯಲ್ಲಿ ಬಿಳಿಯ ಪದರ ಕಟ್ಟುವುದನ್ನು ಕಾಣದವರಾರು? ಬ್ಲಾಕಿನ ಒಳಗಿನ ತಾಮ್ರದ ಸೀಳುಗಳು ಕೂದಲೆಳೆಯಷ್ಟು ಕಿರಿದಾದವು; ಅಲ್ಲಿ ಪದರ ಕಟ್ಟಿದರೆ ಕಥೆ ಮುಗಿಯಿತು. ಬಟ್ಟಿ ಇಳಿಸಿದ ನೀರೇ ಬೇಕು. ಅದರೊಡನೆ ಪಾಚಿ ಬೆಳೆಯದಂತೆ ತಡೆಯುವ ಮದ್ದು, ಲೋಹ ಸವೆಯದಂತೆ ಕಾಯುವ ಮದ್ದು ಎರಡೂ ಸೇರಬೇಕು. ಹಾಲಿನಂತೆ ಗಟ್ಟಿಯಾಗಿ ಕಾಣುವ ಬಣ್ಣದ ದ್ರವಗಳು ಕಣ್ಣಿಗೆ ಸೊಗಸು. ಆದರೆ ಅವುಗಳೊಳಗಿನ ಕಣಗಳು ಕಾಲಕ್ರಮದಲ್ಲಿ ತಳಕ್ಕೆ ಕೂರುತ್ತವೆ. ಪಾರದರ್ಶಕವಾದ ಮೆತ್ತನೆಯ ಕೊಳವೆಗಳೂ ಅಷ್ಟೆ. ಅವುಗಳನ್ನು ಮೆದುವಾಗಿಡುವ ಅಂಶವು ಕ್ರಮೇಣ ನೀರಿಗಿಳಿದು ಜಿಡ್ಡಾಗಿ ಸೀಳುಗಳಿಗೆ ಅಂಟುತ್ತದೆ. ಆದುದರಿಂದ ಪಟ್ಟಿಗೆ ಸೇರಿದುದು ಒಳಗೆ 10, ಹೊರಗೆ 16 ಮಿಲಿಮೀಟರಿನ ಕಪ್ಪು ರಬ್ಬರ್ ಕೊಳವೆ. ನೋಡಲು ಚೆಲುವಿಲ್ಲ, ಬಾಗಿಸಿದರೆ ಬೇಗ ಮಡಿಯುವುದಿಲ್ಲ, ಸುಲಭಕ್ಕೆ ಸೋರುವುದಿಲ್ಲ.

ಎಲ್ಲಕ್ಕಿಂತ ಕಠಿಣವಾದ ಪ್ರಶ್ನೆ ಬ್ಲಾಕಿನದಾಗಿತ್ತು. ಒಂದೇ ಹೆಸರಿನ ಕಾರ್ಡನ್ನು ಬೇರೆ ಬೇರೆ ತಯಾರಕರು ಬೇರೆ ಬೇರೆ ಹಲಗೆಗಳ ಮೇಲೆ ಕಟ್ಟಿರುತ್ತಾರೆ. ಒಬ್ಬರ ಹಲಗೆಯ ಬ್ಲಾಕು ಇನ್ನೊಬ್ಬರದಕ್ಕೆ ಕೂರದು. ಸಾಲದೆಂಬಂತೆ, 3090ರ ನೆನಪಿನ ಚಿಪ್ಪುಗಳು ಇಪ್ಪತ್ತನಾಲ್ಕು: ಹನ್ನೆರಡು ಹಲಗೆಯ ಮುಂದೆ, ಹನ್ನೆರಡು ಹಿಂದೆ. ಮುಂದಿನವನ್ನು ನೀರು ಕಾಯುತ್ತದೆ, ಹಿಂದಿನವಕ್ಕೆ ಗತಿಯೇನು? ಲೋಹದ ಬೆನ್ನುಹಲಗೆಯೊಂದನ್ನು ಕೊಂಡು, ಚಿಪ್ಪಿಗೂ ಅದಕ್ಕೂ ನಡುವೆ ಶಾಖ ದಾಟಿಸುವ ಮೆತ್ತೆಗಳನ್ನು ಇಡಬೇಕು. ಮೆತ್ತೆಯ ದಪ್ಪ ಅರ್ಧ ಮಿಲಿಮೀಟರು ಹೆಚ್ಚಾದರೆ ಬ್ಲಾಕು ಮುಖ್ಯ ಚಿಪ್ಪಿಗೆ ತಾಗುವುದಿಲ್ಲ. ಕಡಮೆಯಾದರೆ ಮೆತ್ತೆಯೇ ತಾಗುವುದಿಲ್ಲ. ಆತುರಗಾರನಿಗೆ ಬುದ್ಧಿ ಮಟ್ಟ ಎಂಬ ಮಾತು ಇಂಥ ಕಡೆ ಅರ್ಧ ಮಿಲಿಮೀಟರಿನಲ್ಲಿ ನಿಜವಾಗುತ್ತದೆ. ತರುಣನು ತನ್ನ ಹಲಗೆಯ ಸಂಖ್ಯೆಯನ್ನು ಮೂರು ಸಲ ಓದಿ, ಬ್ಲಾಕು ಮಾಡುವವರ ಪಟ್ಟಿಯೊಡನೆ ತಾಳೆ ನೋಡಿದನು.

ಅನಂತರ ಖರ್ಚಿನ ಪುಟ. ಬ್ಲಾಕಿಗೆ ಎರಡು, ರೇಡಿಯೇಟರಿಗೆ ಎರಡು, ಪಂಪಿಗೆ ಎರಡು, ಹೀಗೆ ಆರು ಬಾಯಿಗಳಿಗೆ ಆರು ಫಿಟಿಂಗುಗಳು. ಹೊರಬಾಯಿಯ ಜೋಡಣೆಗೆ ಇನ್ನಷ್ಟು. ಹೆಬ್ಬೆರಳಿನ ಗಾತ್ರದ ಈ ವಸ್ತುಗಳ ಒಟ್ಟು ಬೆಲೆ ಪಂಪಿನ ಬೆಲೆಯೊಡನೆ ಪೈಪೋಟಿಗೆ ನಿಂತಿತು. ಮದುವೆಯ ಲೆಕ್ಕದಲ್ಲಿ ಊಟಕ್ಕಿಂತ ಎಲೆ, ಅಡಿಕೆ, ಹೂವಿನ ಬಾಬ್ತು ಬೆಳೆದಂತೆ! ಎಲ್ಲ ಸೇರಿ ಕಾರ್ಡಿನ ಮೂರು ಕಂತುಗಳಷ್ಟಾಯಿತು.

“ಇದೆಲ್ಲ ಕೈಕೊಟ್ಟರೆ?” ಎಂದರು ತಂದೆ.

ಈ ಪ್ರಶ್ನೆ ತರುಣನ ಎದೆಯಲ್ಲೂ ಇತ್ತು. ಪಂಪು ನಿಂತರೆ ಭಯವಿಲ್ಲ. ಕಾವು ಮಿತಿಮೀರಿದಾಗ ಕಾರ್ಡು ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ, ಆಗಲೂ ಇಳಿಯದಿದ್ದರೆ ಯಂತ್ರವು ಆರಿಹೋಗುತ್ತದೆ. ಭಯವಿರುವುದು ಸೋರಿಕೆಯದು. ಬಟ್ಟಿ ಇಳಿಸಿದ ನೀರು ವಿದ್ಯುತ್ತನ್ನು ಸುಲಭವಾಗಿ ಹರಿಸದೆಂಬುದು ನಿಜ. ಆದರೆ ಲೋಹದ ಸಂಗದಲ್ಲಿ ಸುತ್ತಿದ ನೀರು ಆ ಗುಣವನ್ನು ಬಹುಕಾಲ ಉಳಿಸಿಕೊಳ್ಳದು. ಕಾರ್ಡು ಹೋದರೆ ಕೆಲಸ ನಿಲ್ಲುತ್ತದೆ. ಕೆಲಸ ನಿಂತರೂ ಕಂತು ನಿಲ್ಲುವುದಿಲ್ಲ.

ಆಗ ತಂದೆಯವರು ತಮ್ಮ ಕಾರ್ಯಾಗಾರದ ಪದ್ಧತಿಯನ್ನು ಹೇಳಿದರು: ನೀರು ಕಾಣಿಸುವ ಮೊದಲು ಗಾಳಿ ತುಂಬಿ ನೋಡು. ಅದು ಈ ವಿದ್ಯೆಯಲ್ಲೂ ಇರುವ ಪದ್ಧತಿಯೇ. ಮುಚ್ಚಿದ ಸುತ್ತಿಗೆ ಕೈಪಂಪಿನಿಂದ ಅರ್ಧ ಬಾರ್‌ನಷ್ಟು ಗಾಳಿಯೊತ್ತಡ ಕೊಟ್ಟು, ಮಾಪಕದ ಮುಳ್ಳು ಇಳಿಯುವುದೇ ಎಂದು ಕಾಯಬೇಕು. ಮುಳ್ಳು ನಿಂತಲ್ಲೇ ನಿಂತರೆ ಆಮೇಲೆ ನೀರು. ಆಗಲೂ ಗಣಕಕ್ಕೆ ವಿದ್ಯುತ್ತು ಕೊಡದೆ, ಪಂಪೊಂದನ್ನೇ ಇಪ್ಪತ್ತನಾಲ್ಕು ಗಂಟೆ ಓಡಿಸಿ, ಪ್ರತಿಯೊಂದು ಕೀಲಿನ ಕೆಳಗೆ ಕಾಗದದ ಕರವಸ್ತ್ರ ಹಾಸಿಡಬೇಕು. ಒಂದು ಹನಿ ಬಿದ್ದರೂ ಕಾಗದ ಗುಟ್ಟು ಬಿಡುತ್ತದೆ.

ಇಷ್ಟಾದ ಮೇಲೂ ತರುಣನು ಅಂದೇ ಸಾಮಾನು ತರಿಸಲಿಲ್ಲ. ಕೈಯಲ್ಲಿದ್ದ ಕೆಲಸವನ್ನು ತಿಂಗಳ ಕೊನೆಗೆ ಒಪ್ಪಿಸಬೇಕಾಗಿತ್ತು. ಅಲ್ಲಿಯವರೆಗೆ ಕಾರ್ಡನ್ನು ಬಿಚ್ಚಕೂಡದೆಂದು ತನಗೆ ತಾನೇ ಕಟ್ಟಳೆ ಹಾಕಿಕೊಂಡನು. ಬದಲಾಗಿ, ಖರ್ಚಿಲ್ಲದ ಉಪಾಯವೊಂದನ್ನು ಮಾಡಿದನು. ಕಾರ್ಡಿನ ಶಕ್ತಿಯ ಮಿತಿಯನ್ನು 350ರಿಂದ 280 ವಾಟ್‌ಗೆ ಇಳಿಸಿದನು. ಶಕ್ತಿ ಐದರಲ್ಲೊಂದು ಪಾಲು ತಗ್ಗಿದರೂ ವೇಗವು ಅಷ್ಟು ತಗ್ಗುವುದಿಲ್ಲ. ಬೆಳಗಿನ ಚಿತ್ರಗಳು ಸ್ವಲ್ಪವೇ ತಡವಾಗಿ ಮುಗಿದವು. ಗಿರಣಿಯ ಸದ್ದು ಹೊಲಿಗೆಯಂತ್ರದ ಸದ್ದಿಗೆ ಇಳಿಯಿತು. ನೀರು ಬಂದ ಮೇಲೂ ಈ ಮಿತಿಯನ್ನು ಉಳಿಸಿಕೊಂಡರೆ ಫ್ಯಾನುಗಳು ಇನ್ನೂ ಮೆಲ್ಲಗೆ ತಿರುಗುವುವೆಂದು ಪುಸ್ತಕದಲ್ಲಿ ಬರೆದುಕೊಂಡನು.

ಕೊನೆಯ ಪುಟದಲ್ಲಿ ಮುಂದಿನ ತಿಂಗಳ ಕಾರ್ಯಕ್ರಮವಿದೆ. ಮೊದಲನೆಯ ಶನಿವಾರ ಬ್ಲಾಕಿನ ಜೋಡಣೆ ಮತ್ತು ಗಾಳಿಯ ಪರೀಕ್ಷೆ. ಭಾನುವಾರ ಬೆಳಗ್ಗೆ ನೀರು. ಸೋಮವಾರ ಬೆಳಗ್ಗೆ, ಕಾಗದಗಳು ಒಣಗಿದ್ದರೆ, ವಿದ್ಯುತ್ತು. ಗಾಳಿಯ ಪರೀಕ್ಷೆಯ ಎದುರಿಗೆ ‘ಅಪ್ಪ ನೋಡಿ ಒಪ್ಪಬೇಕು’ ಎಂದು ಬರೆದಿದೆ. ಎಲ್ಲಕ್ಕೂ ಕೆಳಗೆ, ಸೋಮವಾರ ರಾತ್ರಿಯ ಲೆಕ್ಕಕ್ಕೆ, ಯಂತ್ರಕ್ಕೆ ಸಂಬಂಧಿಸದ ಸಾಲೊಂದಿದೆ: ‘ಅಮ್ಮನ ಹಾಸಿಗೆಯನ್ನು ಅಡಿಗೆಮನೆಯಿಂದ ಒಳಗೆ ತರುವುದು.’