ಕಣಿವೆ ಹೋಗಿ ಓಣಿ ಬಂತು

ದಿನಾ ಊರವರ ಸುದ್ದಿ ಬರೆಯುವ ನಾನು ಈ ಸಲ ನನ್ನದೇ ಸುದ್ದಿ ಬರೆಯುತ್ತಿದ್ದೇನೆ.

ಬೀದರ್ ಜಿಲ್ಲೆಯಲ್ಲಿ ಪತ್ರಿಕೆಯೊಂದಕ್ಕೆ ಬಿಡಿ ವರದಿಗಾರ ನಾನು. ಸುದ್ದಿ ಅಚ್ಚಾದರೆ ದುಡ್ಡು, ಇಲ್ಲದಿದ್ದರೆ ಇಲ್ಲ. ಉಳಿದ ಹೊತ್ತಿನಲ್ಲಿ ಯೇಸುಸ್ವಾಮಿಯ ಹಾಡು ಬರೆದು, ನಾನೇ ರಾಗ ಹಾಕಿ, ಹಾಡಿ ಯೂಟ್ಯೂಬಿಗೆ ಹಾಕುತ್ತೇನೆ. ನನ್ನ ಹಿಂದೆ ಆಡಿಯೋ ಕಂಪನಿಯೂ ಇಲ್ಲ, ದೊಡ್ಡ ಸಂಸ್ಥೆಯೂ ಇಲ್ಲ.

ಮೊದಲ ಹಾಡಿಗೆ ಹೆಂಡತಿಯ ಬೆಂಡೋಲೆ ಒತ್ತೆ ಇಟ್ಟೆ. ಕೀಬೋರ್ಡ್, ತಬಲಾ, ಮಿಕ್ಸಿಂಗ್, ವಿಡಿಯೋ ಸೇರಿ 18 ಸಾವಿರ ರೂಪಾಯಿ ಆಯಿತು. ಆರು ತಿಂಗಳಲ್ಲಿ ಬಂದ ವ್ಯೂಸ್ 341. ಅದರಲ್ಲಿ ನೂರು ನನ್ನದೇ ಇರಬೇಕು.

"ನನ್ನ ಬೆಂಡೋಲಿ ಬ್ಯಾಂಕಿನಾಗದ, ನಿಮ್ಮ ಹಾಡು ಫೋನಿನಾಗದ. ಎರಡೂ ಹೊರಗ ಬರ್ಲಿಲ್ಲ ನೋಡ್ರಿ" ಅಂದಳು ಹೆಂಡತಿ. ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಸಭೆಯ ಹಿರಿಯರೊಬ್ಬರು, "ಇದೇನಪ್ಪಾ, ಭಜನಿ ಪದ ಇದ್ದಂಗದ. ಚರ್ಚಿನ್ಯಾಗ ಹಾಡೋದಲ್ಲ ಇದು" ಅಂದರು. ಅವರ ಮಾತು ಸುಳ್ಳೂ ಅಲ್ಲ. ಊರ ಕಟ್ಟೆಯ ಮೇಲೆ ರಾತ್ರಿಯಿಡೀ ತತ್ವಪದ ಕೇಳಿ ಬೆಳೆದವನು ನಾನು. ಬಾಯಿ ತೆರೆದರೆ ಅದೇ ಧಾಟಿ ಬರುತ್ತದೆ.

ಬಿಟ್ಟುಬಿಡೋಣ ಅನ್ನಿಸಿದ ದಿನಗಳಲ್ಲೇ ಅಮೆರಿಕದ ಕಪ್ಪು ಜನಾಂಗದ ಹಾಡುಗಾರ ಥಾಮಸ್ ಡಾರ್ಸಿ ಬಗ್ಗೆ ಓದಿದೆ. 1899ರಲ್ಲಿ ಜಾರ್ಜಿಯಾದಲ್ಲಿ ಹುಟ್ಟಿದವರು. ಮೊದಲು ಬ್ಲೂಸ್ ಎಂಬ ಲೌಕಿಕ ಹಾಡುಗಳಿಗೆ ಪಿಯಾನೊ ನುಡಿಸುತ್ತಿದ್ದರು. ದೇವರ ಹಾಡಿಗೂ ಅದೇ ಧಾಟಿ ತಂದಾಗ ಎಷ್ಟೋ ಚರ್ಚುಗಳು ಬೇಡ ಅಂದವು. ಹಾಡಿನ ಹಾಳೆಗಳನ್ನು ಅವರೇ ಅಂಚೆಯಲ್ಲಿ ಕಳಿಸಿ, ಹೊತ್ತು ತಿರುಗಿ ಮಾರಿದರು. 1932ರಲ್ಲಿ ಹಾಡಲು ಬೇರೆ ಊರಿಗೆ ಹೋಗಿದ್ದಾಗ ಹೆಂಡತಿ ಹೆರಿಗೆಯಲ್ಲಿ ತೀರಿಕೊಂಡರು. ಮಗುವೂ ಉಳಿಯಲಿಲ್ಲ. ಆ ದುಃಖದಲ್ಲಿ ಅವರು ಕಟ್ಟಿದ ಹಾಡನ್ನೇ 1968ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಅವರ ಅಂತ್ಯಕ್ರಿಯೆಯಲ್ಲಿ ಮಹಾಲಿಯಾ ಜಾಕ್ಸನ್ ಹಾಡಿದರು.

ಓದಿ ಧೈರ್ಯ ಬಂತು. ಬೆಂಡೋಲೆ ಮಾತ್ರ ಬರಲಿಲ್ಲ.

ಹೋದ ಬೇಸಿಗೆಯಲ್ಲಿ ಟ್ರ್ಯಾಕ್ಟರ್ ಮಗುಚಿ ಹುಡುಗನೊಬ್ಬ ಸತ್ತ ಸುದ್ದಿಗೆ ಒಂದು ಹಳ್ಳಿಗೆ ಹೋದೆ. ಹೆಸರು, ವಯಸ್ಸು, ಯಾವ ಠಾಣೆ ಎಂದು ಬರೆದುಕೊಳ್ಳುತ್ತಿದ್ದೆ. ಅಂಗಳದಲ್ಲಿ ಹೆಣದ ಸುತ್ತ ಕೂತ ಹೆಂಗಸರು ಹಾಡುತ್ತಿದ್ದರು. ಎರಡನೇ ಸಾಲಿಗೆ ನನ್ನ ಪೆನ್ನು ನಿಂತಿತು. ಹಾಡು ನನ್ನದು.

ನಾನು ಬರೆದದ್ದು "ಕತ್ತಲ ಕಣಿವೆಯಲಿ ಜೊತೆಗಿರು" ಎಂದು. ಅವರು "ಕತ್ತಲ ಓಣ್ಯಾಗ ಜೋಡಿ ಇರೋ" ಅನ್ನುತ್ತಿದ್ದರು.

ಪಕ್ಕದಲ್ಲಿದ್ದ ಮುದುಕಿಯನ್ನು ಕೇಳಿದೆ: "ಯಮ್ಮಾ, ಈ ಹಾಡು ಎಲ್ಲಿಂದು?"

"ಯಾರ್ದೋ ಏನೋ ಯಪ್ಪಾ. ಮೊಮ್ಮಗಳ ಫೋನಿನಾಗ ಬಂದಿತ್ತು. ನಮ್ಮ ಕಡಿ ಕಣಿವಿ ಎಲ್ಲದ? ಓಣಿ ಅಂದ್ವಿ."

'ನಂದೇ ಹಾಡು' ಎಂಬ ಮಾತು ನಾಲಿಗೆ ತುದಿಗೆ ಬಂದಿತ್ತು. ಹುಡುಗನ ತಾಯಿ ಅವನ ಪಾದ ಹಿಡಿದು ಕೂತಿದ್ದಳು. ಬಾಯಿ ಮುಚ್ಚಿಕೊಂಡೆ. ಮರುದಿನ ಪತ್ರಿಕೆಯಲ್ಲಿ ನಾಲ್ಕು ಸಾಲಿನ ಸುದ್ದಿ ಬಂತು. ಹಾಡಿನ ಮಾತು ಅದರಲ್ಲಿರಲಿಲ್ಲ.

ಮನೆಗೆ ಬಂದು ಹೆಂಡತಿಗೆ ಹೇಳಿದೆ. ಬಹಳ ಹೊತ್ತು ಸುಮ್ಮನಿದ್ದು, "ಹಂಗಾದ್ರ ಮುಂದಿನ ಹಾಡು ಮೊದ್ಲು ಅವರ ಕೈಲೇ ತಿದ್ದಿಸ್ರಿ" ಅಂದಳು.

ಈಗ ಹಾಗೇ ಮಾಡುತ್ತೇನೆ. ಹೊಸ ಹಾಡನ್ನು ಮೊದಲು ಯಾರದಾದರೂ ಅಂಗಳದಲ್ಲಿ ಹಾರ್ಮೋನಿಯಂ ಹಿಡಿದು ಹಾಡುತ್ತೇನೆ. ಹೆಂಗಸರು ದನಿಗೂಡಿಸಿದರೆ ಹಾಡು ಉಳಿಯುತ್ತದೆ, ತಡವರಿಸಿದ ಕಡೆ ಶಬ್ದ ಬದಲಿಸುತ್ತೇನೆ. ರೆಕಾರ್ಡಿಂಗ್ ಫೋನಿನಲ್ಲೇ. ನೀವೂ ಹಾಡು ಕಟ್ಟುವವರಾದರೆ ಒಡವೆ ಒತ್ತೆ ಇಡುವ ಮುಂಚೆ ಇದೊಂದು ಮಾಡಿ ನೋಡಿ.

ದೇವರು ಬೇಕಾದಷ್ಟು ವ್ಯೂಸ್ ಕೊಡುತ್ತಾನೆ ಎಂದು ಮೊದಲು ನಂಬಿದ್ದೆ. ಈಗ ಅದನ್ನು ಕೇಳುವುದಿಲ್ಲ. ದುಃಖದ ಮನೆಗೆ ಹಾಡು ನನಗಿಂತ ಮುಂಚೆ ಹೋಗಿ ಕೂತಿತ್ತಲ್ಲ, ಆ ನಂಬಿಕೆ ಸಾಕು.

ಬೆಂಡೋಲೆ ಇನ್ನೂ ಬ್ಯಾಂಕಿನಲ್ಲೇ ಇದೆ, ಬಡ್ಡಿ ಕಟ್ಟುತ್ತಿದ್ದೇನೆ. ಹಾಡಿನ ಪುಸ್ತಕದಲ್ಲಿ 'ಕಣಿವೆ' ಹೊಡೆದುಹಾಕಿ 'ಓಣಿ' ಎಂದು ಬರೆದಿದ್ದೇನೆ.