ಕಾಣಲು ಒಂದು, ಉಳಿಯಲು ಒಂದು

ಬೆಳ್ಮಣ್ಣಿನ ಸಮೀಪದ ಸಣ್ಣ ಸೊಸೈಟಿಯೊಂದರ ಕಂಪ್ಯೂಟರ್ ನೋಡಿಕೊಳ್ಳುವ ಕೆಲಸ ಕೆಲವು ವರ್ಷ ನನ್ನದಾಗಿತ್ತು. ಸಂಜೆ ಲೆಕ್ಕ ಮುಗಿದ ಮೇಲೆ ಆ ದಿನದ ಫೈಲುಗಳನ್ನೆಲ್ಲ ಇನ್ನೊಂದು ಡಿಸ್ಕಿಗೆ ನಕಲು ಮಾಡುವ ಬ್ಯಾಚ್ ಫೈಲ್ ಅಲ್ಲಿತ್ತು. ಯಾರೋ ಹಿಂದೆ ಬರೆದಿಟ್ಟದ್ದು. ಒತ್ತಿದರೆ ಕಪ್ಪು ಕಿಟಕಿ ತೆರೆಯುತ್ತಿತ್ತು, ಒಂದಕ್ಷರವೂ ಮೂಡುತ್ತಿರಲಿಲ್ಲ. ಕೌಂಟರಿನ ಅಕ್ಕನಿಗೆ ಪಡುಬಿದ್ರಿ ಕಡೆಯ ಬಸ್ಸು ಹಿಡಿಯಬೇಕು. "ಇದು ನಡೀತಾ ಉಂಟಾ, ಸತ್ತು ಬಿದ್ದಿದೆಯಾ ಗೊತ್ತಾಗುದಿಲ್ಲ ಮಾರಾಯ್ರೆ" ಎಂದು ಸ್ವಲ್ಪ ಕಾದು ಕಿಟಕಿ ಮುಚ್ಚಿಬಿಡುತ್ತಿದ್ದರು. ನಕಲು ಅರ್ಧಕ್ಕೇ ನಿಲ್ಲುತ್ತಿತ್ತು.

ಕಾರಣ ಒಂದೇ ಚಿಹ್ನೆ. ಸಾಲಿನ ಕೊನೆಗೆ '>' ಹಾಕಿ ಫೈಲಿನ ಹೆಸರು ಕೊಟ್ಟರೆ ತೆರೆಗೆ ಬರಬೇಕಾದ ಮಾತು ಫೈಲಿಗೆ ಹೋಗುತ್ತದೆ. ಅದನ್ನು ತೆಗೆದರೆ ಅಕ್ಕನಿಗೆ ಎಲ್ಲ ಕಾಣುತ್ತದೆ, ಆದರೆ ಕಿಟಕಿ ಮುಚ್ಚಿದೊಡನೆ ಸಾಕ್ಷಿಯೂ ಹೋಯಿತು. ಲೆಕ್ಕ ತಪಾಸಣೆಗೆ ಬಂದವರಿಗೆ ಏನು ತೋರಿಸುವುದು?

ಯುನಿಕ್ಸಿನಲ್ಲಿ ಇದಕ್ಕೆ 'ಟೀ' ಎಂಬ ಆಜ್ಞೆ ಇದೆ. ಅಡಿಕೆ ತೋಟದ ಪೈಪಿಗೆ ಹಾಕುತ್ತೇವಲ್ಲ, ಆ ಟೀಯದೇ ಹೆಸರು. ವ್ಯತ್ಯಾಸವೆಂದರೆ ನೀರು ಎರಡು ಪಾಲಾಗುತ್ತದೆ, ಅಕ್ಷರ ಎರಡೂ ಕಡೆ ಪೂರ್ತಿಯಾಗಿ ಸಿಗುತ್ತದೆ. ಪವರ್‌ಶೆಲ್‌ನಲ್ಲಿ 'ಟೀ-ಆಬ್ಜೆಕ್ಟ್' ಉಂಟು. ಹಳೆಯ ಬ್ಯಾಚಿಗೆ ಮಾತ್ರ ಅಂಥದ್ದಿಲ್ಲ. ಹಾಗಾಗಿ ನಕಲಿನ ಕೆಲಸವನ್ನು ವಿಂಡೋಸಿನಲ್ಲೇ ಇರುವ ರೋಬೋಕಾಪಿಗೆ ವಹಿಸಿದೆ. ಅದಕ್ಕೆ '/ಲಾಗ್+' ಎಂದರೆ ನಿನ್ನೆಯದರ ಕೆಳಗೆ ಇಂದಿನದನ್ನು ಸೇರಿಸುತ್ತದೆ, ಜೊತೆಗೆ '/ಟೀ' ಎಂದರೆ ತೆರೆಗೂ ತೋರಿಸುತ್ತದೆ. ಕೊನೆಗೆ ಅದು ಕೊಡುವ ಸಂಖ್ಯೆ 1 ಆದರೆ ಗಾಬರಿ ಬೇಡ, ಫೈಲುಗಳು ನಕಲಾಗಿವೆ ಎಂದರ್ಥ. 8 ಅಥವಾ ಮೇಲಾದರೆ ಏನೋ ಉಳಿದುಹೋಗಿದೆ. ನನ್ನದೇ ಸಂದೇಶಗಳಿಗೆ ಪುಟ್ಟ ಉಪಭಾಗ ಬರೆದೆ: ಕೊಟ್ಟ ಸಾಲನ್ನು ಒಮ್ಮೆ ತೆರೆಗೆ, ಇನ್ನೊಮ್ಮೆ '>>' ಹಾಕಿ ಫೈಲಿಗೆ.

ಇದು ನಮ್ಮೂರಿಗೆ ಹೊಸತಲ್ಲ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಪಿಗ್ಮಿ ಶುರುಮಾಡಿದಾಗ ದಿನಕ್ಕೆ ಎರಡಾಣೆ ಕೊಡುವವರ ಮನೆಬಾಗಿಲಿಗೇ ಲೆಕ್ಕ ಬಂತು. ಕಣ್ಣೆದುರು ಬರೆದದ್ದನ್ನು ಜನ ನಂಬಿದರು.

ನನ್ನ ಅಮ್ಮ ಬೀಡಿ ಕಟ್ಟುತ್ತಿದ್ದರು. ಓದು ಬಾರದು. ಬ್ರಾಂಚಿನವರು ಎಣಿಸಿ ತಮ್ಮ ಪುಸ್ತಕದಲ್ಲಿ ಬರೆದಾದ ಮೇಲೆ, ಅಮ್ಮ ತನ್ನ ಪುಸ್ತಕವನ್ನೂ ಮುಂದಿಟ್ಟು, ಪೆನ್ನು ಆಡುವುದನ್ನು ನೋಡುತ್ತ ನಿಲ್ಲುತ್ತಿದ್ದರು. ಒಂದು ವರ್ಷ ಬೋನಸ್ಸಿನ ಲೆಕ್ಕದಲ್ಲಿ ಎರಡು ವಾರದ ಬೀಡಿ ಬ್ರಾಂಚಿನ ಪುಸ್ತಕದಲ್ಲಿ ಇರಲೇ ಇಲ್ಲ. ಅಮ್ಮನ ಪುಸ್ತಕದಲ್ಲಿತ್ತು. ಮಾತಿಲ್ಲದೆ ಹಣ ಕೊಟ್ಟರು. ಆ ವರ್ಷ ನನ್ನ ಶಾಲೆಯ ಫೀಸು ಕಟ್ಟಿದ್ದು ಆ ಹಣದಿಂದ.