ಹಳ್ಳಿಯ ಪಬ್ಬಿನಲ್ಲಿ ನಾವು ಉಂಡುದು

ಸಾರಾಯಿ ಅಂಗಡಿಯಿದ್ದ ಬೀದಿಯಲ್ಲಿ ನಡೆಯಲೊಲ್ಲದೆ ಸುತ್ತುದಾರಿ ಹಿಡಿದು ಶಾಲೆಗೆ ಹೋಗುತ್ತಿದ್ದ ನಾವು, ಅರುವತ್ತರ ವಯಸ್ಸಿನಲ್ಲಿ ಇಂಗ್ಲೆಂಡಿನ ಪಾನಗೃಹವೊಂದರಲ್ಲಿ ಕುಳಿತು ಮಧ್ಯಾಹ್ನದ ಊಟವನ್ನು ಮಾಡಿದೆವೆಂದರೆ ನಮ್ಮ ಹಳೆಯ ವಿದ್ಯಾರ್ಥಿಗಳು ನಂಬಲಾರರು. ನಡೆದುದನ್ನು ಮುಚ್ಚಿಡುವುದು ಮೇಷ್ಟರಿಗೆ ತಕ್ಕುದಲ್ಲವಾದುದರಿಂದ ಬರೆಯುತ್ತಿರುವೆವು.

ನಮ್ಮ ಮಗಳೂ ಅಳಿಯಂದಿರೂ ಬ್ರಿಸ್ಟಲ್ ನಗರದಲ್ಲಿರುವರು. ಹೋದ ವರ್ಷ ಆಗಸ್ಟ್ ತಿಂಗಳಲ್ಲಿ ನಾವೂ ನಮ್ಮ ಮನೆಯವರೂ ಅವರಲ್ಲಿಗೆ ಹೋಗಿದ್ದೆವು. ಬಿಡುವಿನ ದಿನಗಳಲ್ಲಿ ಅವರು ನಮಗೆ ಹಳ್ಳಿಗಳನ್ನು ತೋರಿಸುತ್ತಿದ್ದರು. ಹಳ್ಳಿಯ ಟೀ ರೂಮುಗಳ ವಿಷಯದಲ್ಲಿ ನಮಗೆ ಯಾವ ಸಂಕೋಚವೂ ಇರಲಿಲ್ಲ. ಡೆವನ್ ಪ್ರಾಂತದಲ್ಲಿ ಮೊದಲ ಸಲ 'ಕ್ರೀಂ ಟೀ' ಎಂಬುದನ್ನು ತರಿಸಿದಾಗ, ಚಹದಲ್ಲಿ ಕೆನೆಯನ್ನು ತೇಲಿಸಿ ಕೊಡುವರೆಂದು ಊಹಿಸಿದ್ದೆವು. ಹಾಗಲ್ಲ. ಚಹ ಬೇರೆ, ಅದರೊಡನೆ ಸ್ಕೋನ್ ಎಂಬ ಗುಂಡನೆಯ ಸಣ್ಣ ರೊಟ್ಟಿ, ಹಣ್ಣಿನ ಜಾಮ್, ಮತ್ತು ಸಣ್ಣ ಕಾವಿನಲ್ಲಿ ಬಹಳ ಹೊತ್ತಿಟ್ಟು ಆರಿಸಿ ತೆಗೆದ ಗಟ್ಟಿಕೆನೆ. ಇದು ನಮ್ಮ ಕೆನೆಗೂ ಬೆಣ್ಣೆಗೂ ನಡುವಣ ಪದಾರ್ಥ. (ಕೆಲವರು ಸ್ಕೋನಿಗೆ ಮೊಟ್ಟೆ ಬೆರೆಸುವುದುಂಟು, ಬೇಡವಾದವರು ಕೇಳಿ ತಿಳಿಯಬೇಕು.) ರೊಟ್ಟಿಯ ಮೇಲೆ ಮೊದಲು ಕೆನೆ, ಅದರ ಮೇಲೆ ಜಾಮ್ ಎಂಬುದು ಡೆವನ್ನಿನವರ ಮತ, ಮೊದಲು ಜಾಮ್, ಮೇಲೆ ಕೆನೆ ಎಂಬುದು ನೆರೆಯ ಕಾರ್ನ್‌ವಾಲಿನವರ ಮತ. ನಮಗೆ ಒಡನೆಯೇ ಮೀಮಾಂಸಕರ ನೆನಪಾಯಿತು. ಅಗ್ನಿಹೋತ್ರದ ಮಾತು ಮೊದಲು ಬಂದು, ಗಂಜಿ ಬೇಯಿಸುವ ಮಾತು ಅನಂತರ ಬಂದಿದ್ದರೂ, ಬೇಯಿಸದೆ ಹೋಮ ಮಾಡುವುದೆಂತು? ಆದುದರಿಂದ ಪಾಠಕ್ರಮಕ್ಕಿಂತ ಅರ್ಥಕ್ರಮವೇ ಬಲವತ್ತರವೆಂದು ಅವರ ನಿರ್ಣಯ. ಈ ನ್ಯಾಯದಿಂದ ಗಟ್ಟಿಯಾದುದು ಕೆಳಗೆ, ಜಾರುವುದು ಮೇಲೆ. ಡೆವನ್ನಿನ ಪಕ್ಷವೇ ಸಿದ್ಧಾಂತವೆಂದು ನಾವು ಸಾಧಿಸುತ್ತಿರಲು, ನಮ್ಮ ಮನೆಯವರು ಎರಡನ್ನೂ ಕಲಸಿ ತಿಂದು ಮುಗಿಸಿದ್ದರು.

ಪಬ್ಬಿನ ಮಾತು ಬೇರೆ. ಹೊರಗಿನಿಂದ ನೋಡಲು ನಮಗೇನೂ ಅಡ್ಡಿಯಿರಲಿಲ್ಲ. ಅಕ್ಷರ ಬಾರದ ದಾರಿಗರಿಗಾಗಿ ಬಾಗಿಲ ಮೇಲೆ ಚಿತ್ರಫಲಕಗಳನ್ನು ತೂಗುಹಾಕುವ ಸಂಪ್ರದಾಯ ಇಂದಿಗೂ ಉಳಿದಿದೆ. ಬಿಳಿಯ ಗಂಡುಜಿಂಕೆ ಎರಡನೆಯ ರಿಚರ್ಡ್ ದೊರೆಯ ಲಾಂಛನ. 'ರಾಯಲ್ ಓಕ್' ಎಂಬುದು 1651ರಲ್ಲಿ ಸೋತು ತಲೆಮರೆಸಿಕೊಂಡ ಎರಡನೆಯ ಚಾರಲ್ಸ್ ಅಡಗಿದ್ದ ಮರ. ವಿಲ್ಟ್‌ಷೈರಿನ ಲೇಕಾಕ್ ಎಂಬ ಹಳ್ಳಿಯ ಜಾರ್ಜ್ ಇನ್ ಎಂಬಲ್ಲಿ ಒಲೆಯ ಬದಿಗೆ ಒಂದು ಚಕ್ರವುಂಟು. ಹಿಂದೆ ಅದರೊಳಗೆ ನಾಯಿಯನ್ನು ಓಡಿಸಿ, ಬೆಂಕಿಯ ಮುಂದಣ ಮಾಂಸದ ಶಲಾಕೆಯನ್ನು ತಿರುಗಿಸುತ್ತಿದ್ದರಂತೆ. ವಾಸನೆಯಷ್ಟೇ ಆ ನಾಯಿಯ ಪಾಲು! ನೋಡಿದೆವು, ಹೊರಗೆ ಬಂದೆವು. ಉಣ್ಣಲು ಮನಸ್ಸೊಪ್ಪಲಿಲ್ಲ.

ಮುಂದೊಂದು ದಿನ ಮಕ್ಕಳಿಬ್ಬರೂ ಕೆಲಸಕ್ಕೆ ಹೋಗಿರಲು, ನಾವಿಬ್ಬರೇ ಬಸ್ಸು ಹಿಡಿದು ಸಣ್ಣ ಹಳ್ಳಿಯೊಂದಕ್ಕೆ ಹೋದೆವು. ಮಧ್ಯಾಹ್ನ ಎರಡಾಗುವ ಹೊತ್ತಿಗೆ ಮಳೆ ಹಿಡಿಯಿತು. ತೆರೆದಿದ್ದ ಬಾಗಿಲು ಪಬ್ಬಿನದೊಂದೇ. ನಾವು ಹೊರಗೇ ನಿಂತೆವು.

"ಕುಡಿಯೋರು ಕುಡೀಲಿ, ನಮಗೇನು? ನನಗೆ ಹಸಿವು" ಎಂದು ನಮ್ಮ ಮನೆಯವರು ಸೆರಗನ್ನು ಹಿಂಡಿಕೊಂಡು ಒಳಗೆ ನಡೆದರು. ನಾವು ಹಿಂಬಾಲಿಸಿದೆವು.

ಹೊಗೆಯ ವಾಸನೆಯನ್ನು ನಿರೀಕ್ಷಿಸಿದ್ದೆವು; ಇರಲಿಲ್ಲ. 2007ರ ಜುಲೈ 1ರಿಂದ ಇಂಗ್ಲೆಂಡಿನ ಪಬ್ಬುಗಳೊಳಗೆ ಧೂಮಪಾನ ನಿಷಿದ್ಧ. ನಮ್ಮ ಕರ್ನಾಟಕದಲ್ಲಿ ಸಾರಾಯಿ ನಿಂತುದೂ ಅದೇ ದಿನದಿಂದ. ನಮ್ಮೂರಿನ ಆ ಅಂಗಡಿ ಅಂದು ಮುಚ್ಚಿತು. ನಮ್ಮ ಸುತ್ತುದಾರಿಯ ಅಭ್ಯಾಸ ಮಾತ್ರ ಮುಚ್ಚಲಿಲ್ಲ.

ಮೇಜಿನ ಮುಂದೆ ಕುಳಿತೆವು. ಹತ್ತು ನಿಮಿಷ ಕಳೆಯಿತು, ಕಾಲು ಗಂಟೆ ಕಳೆಯಿತು. ಯಾರೂ ನಮ್ಮ ಬಳಿ ಸುಳಿಯಲಿಲ್ಲ. ನಮ್ಮ ಮೈಬಣ್ಣ, ಅವರ ಸೀರೆ, ಇವುಗಳಿಂದಾದ ತಿರಸ್ಕಾರವಿದೆಂದು ನಾವು ನಿಶ್ಚಯಿಸಿ, ಕೋಪದಿಂದ ಎದ್ದೆವು. ಆಗ ಪಕ್ಕದ ಮೇಜಿನ ಮುದುಕರೊಬ್ಬರು ತಮ್ಮ ಬಿಯರಿನ ಲೋಟವನ್ನು ಕೆಳಗಿಟ್ಟು, "ಇಲ್ಲಿ ಯಾರೂ ಬಂದು ಕೇಳುವುದಿಲ್ಲ, ಸ್ವಾಮೀ. ನಾವೇ ಕೌಂಟರಿಗೆ ಹೋಗಿ ಹೇಳಿ, ಹಣ ಕೊಟ್ಟು ಬರಬೇಕು. ಮೇಜಿನ ಸಂಖ್ಯೆಯನ್ನು ಹೇಳಿರಿ. ಎರಡೂವರೆಗೆ ಅಡಿಗೆಮನೆ ಮುಚ್ಚುವುದು, ಬೇಗ ಹೋಗಿರಿ" ಎಂದರು. ನಾಚಿಕೆಯಾಯಿತು. ಹೋದೆವು.

ದೊರೆತುದು 'ಪ್ಲೌಮನ್ಸ್ ಲಂಚ್', ಎಂದರೆ ಉಳುವವನ ಊಟ: ದಪ್ಪ ಬ್ರೆಡ್ಡು, ಚೀಸು, ಹುಳಿಯಲ್ಲಿ ನೆನೆಸಿದ ಈರುಳ್ಳಿ, ಸೇಬಿನ ಹೋಳು. ಮಾಂಸ ಬೇಡವೆಂದೆವು. ಚೀಸಿಗೆ ಕರುವಿನ ಜಠರದ ರಸವನ್ನು ಹಾಕಿದೆಯೇ ಎಂದೂ ಕೇಳಲು, ಕೌಂಟರಿನಾಕೆ ಬೇಸರಿಸದೆ ಒಳಗೆ ಹೋಗಿ ನೋಡಿ ಬಂದು ಇಲ್ಲವೆಂದಳು. ಪುರಾತನ ರೈತರ ಆಹಾರವೆಂದು ನಾವು ಭಕ್ತಿಯಿಂದ ಉಂಡೆವು. ಬ್ರೆಡ್ಡು ಚೀಸು ಪುರಾತನವೇ ದಿಟ. ಆ ಹೆಸರು ಮಾತ್ರ ಚೀಸಿನ ಮಾರಾಟವನ್ನು ಹೆಚ್ಚಿಸಲು 1950–60ರ ದಶಕಗಳಲ್ಲಿ ಪ್ರಚಾರಕ್ಕೆ ತಂದುದೆಂದು ಅಳಿಯಂದಿರು ಆಮೇಲೆ ಹೇಳಿ ನಕ್ಕರು.

ನಾವು ಉಣ್ಣುತ್ತಿರುವಾಗಲೇ ಹತ್ತು ವರ್ಷದ ಹುಡುಗನೊಬ್ಬನು ನೆನೆದುಕೊಂಡು ಒಳಗೆ ಬಂದನು. ನೇರವಾಗಿ ಆ ಮುದುಕರ ಬಳಿಗೆ ಹೋಗಿ, ತೋಳನ್ನು ಹಿಡಿದೆಳೆದು, "ತಾತ, ಅಮ್ಮ ಕರೀತಾಳೆ" ಎಂದನು. ಅವರು ಲೋಟವನ್ನು ಬರಿದುಮಾಡಿ, ನಮಗೆ ತಲೆಬಾಗಿ, ಮೊಮ್ಮಗನೊಡನೆ ಹೊರಟುಹೋದರು. ಯಾರೂ ಅತ್ತ ತಿರುಗಿ ಸಹ ನೋಡಲಿಲ್ಲ.

ನಮ್ಮ ಕೈ ತಟ್ಟೆಯ ಮೇಲೆಯೇ ನಿಂತಿತು. 1991ರಲ್ಲಿ ನಮ್ಮ ಏಳನೆಯ ತರಗತಿಯ ಹುಡುಗನೊಬ್ಬನನ್ನು, ಸಾರಾಯಿ ಅಂಗಡಿಯ ಬೆಂಚಿನ ಮೇಲೆ ಕುಳಿತಿದ್ದನೆಂದು ಕೇಳಿ, ಎಲ್ಲರೆದುರು ಬೆತ್ತದಿಂದ ಹೊಡೆದಿದ್ದೆವು. ಏಕೆ ಹೋಗಿದ್ದೆಯೆಂದು ಕೇಳಲಿಲ್ಲ. ಅವನೂ ಹೇಳಲಿಲ್ಲ. ಅಪ್ಪನನ್ನು ಕರೆತರಲು ತಾಯಿಯೇ ಕಳುಹಿಸಿದ್ದಳೆಂದೂ, ಅಪ್ಪ ಏಳುವವರೆಗೆ ಕಾದು ಕುಳಿತಿದ್ದನೆಂದೂ ಬೇಸಗೆ ರಜದಲ್ಲಿ ತಿಳಿಯಿತು. ಶಾಲೆ ತೆರೆದಾಗ ಅವನು ಬರಲಿಲ್ಲ. ಅವನ ಮನೆಗೆ ಹೋಗಬೇಕೆಂದುಕೊಂಡೆವು. ಆ ಬೀದಿಯಲ್ಲಿ ಅಂಗಡಿಯಿದ್ದುದರಿಂದ ಹೋಗಲಿಲ್ಲ.

"ಯಾಕೆ, ರುಚಿಸಲಿಲ್ಲವೆ?" ಎಂದರು ನಮ್ಮ ಮನೆಯವರು.

ಹೇಳಿದೆವು. ಈ ಸಂಗತಿಯನ್ನು ಮೂವತ್ತು ವರ್ಷಗಳ ಮೇಲೆ ಅವರಿಂದಲೂ ಮುಚ್ಚಿಟ್ಟಿದ್ದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಹುಡುಗನ ಹೆಸರು ನೆನಪಿದೆಯೆ ಎಂದು ಕೇಳಿದರು.

ಹೆಸರು ನೆನಪಿದೆ. ಹಾಜರಿ ಪುಸ್ತಕದಲ್ಲಿ ಹದಿನೇಳನೆಯದು.